ಹುಲ್ಲಿಗೆ ಕಟ್ಟಳೆ, ಕೊಡಕ್ಕೆ ಪಾಳಿ

ರಾಯಚೂರು ನಗರದಿಂದ ಮಾನ್ವಿಯ ಕಡೆಗೋ ದೇವದುರ್ಗದ ಕಡೆಗೋ ಹೊರಟರೆ, ರಸ್ತೆಯ ಇಕ್ಕೆಲದ ಹೊಲಗಳು ನಿವೇಶನಗಳಾಗಿ ಮಾರ್ಪಡುತ್ತಿರುವುದು ಕಣ್ಣಿಗೆ ಬೀಳುತ್ತದೆ. ಎರೆ ಭೂಮಿಯ ಮೇಲೆ ಕೆಂಪು ಗರಸು ಸುರಿದು, ಕಲ್ಲು ನೆಟ್ಟು, ದಾರಿಗೊಂದು ಕಮಾನು ನಿಲ್ಲಿಸಿದರೆ ಬಡಾವಣೆ ಸಿದ್ಧ. ಆದರೆ ಬಡಾವಣೆಯ ಜಾಹೀರಾತಿನಲ್ಲಿ ಗರಸೂ ಇಲ್ಲ, ಎರೆಯೂ ಇಲ್ಲ. ಅಲ್ಲಿರುವುದು ಕಣ್ಣು ಕುಕ್ಕುವ ಹಸಿರು ಹುಲ್ಲುಹಾಸು, ಅದರ ಅಂಚಿಗೆ ತಾಳೆಯ ಜಾತಿಯ ಅಲಂಕಾರದ ಮರ, ನಡುವೆ ಓಡಾಡುವ ಬಿಳಿಯ ನಾಯಿ. ನಲವತ್ತು ಡಿಗ್ರಿ ದಾಟುವ ಬೇಸಿಗೆಯ ಊರಿನಲ್ಲಿ, ಕುಡಿಯುವ ನೀರಿನ ನಲ್ಲಿಗೆ ಪಾಳಿ ಹಚ್ಚುವ ಊರಿನಲ್ಲಿ, ಮನೆಯ ಕನಸನ್ನು ಮಾರಲು ಬಳಸುತ್ತಿರುವುದು ಈ ಚಿತ್ರವನ್ನು.

ಚಿತ್ರ ಬಂದ ದಾರಿಯಲ್ಲೇ ಕಟ್ಟಳೆಯೂ ಬರುತ್ತದೆ. ಬೆಂಗಳೂರಿನ ಸುತ್ತಲಿನ ಗೋಡೆ ಕಟ್ಟಿದ ಬಡಾವಣೆಗಳಲ್ಲಿ ಅದು ಈಗಾಗಲೇ ಬಂದು ನೆಲೆಸಿದೆ. ಮನೆಯ ಮುಂಭಾಗದ ತೋಟ ಎಲ್ಲರದೂ ಒಂದೇ ತೆರನಾಗಿರಬೇಕು, ಹುಲ್ಲು ಕತ್ತರಿಸಿರಬೇಕು, ಅಂಗಳದಲ್ಲಿ ಬದನೆ ಬೆಂಡೆ ಬೆಳೆದು ನೋಟ ಕೆಡಿಸಬಾರದು, ಸಾಮೂಹಿಕ ಉದ್ಯಾನದ ನಿರ್ವಹಣೆಗೆ ತಿಂಗಳು ತಿಂಗಳು ಹಣ ಕಟ್ಟಬೇಕು ಎಂಬಂಥ ಕಟ್ಟಳೆಗಳು. ರಾಯಚೂರಿನ ಸಾಮಾನ್ಯ ಬಡಾವಣೆಯಲ್ಲಿ ಹುಲ್ಲಿಗಾಗಿ ದಂಡ ಹಾಕುವ ನಿವಾಸಿಗಳ ಸಂಘವನ್ನು ಇಂದು ಹುಡುಕಿದರೆ ಸಿಗುವುದು ಕಷ್ಟ. ಹೌದು. ಆದರೆ ಕಮಾನು ಬಂದಿದೆ, ಗೋಡೆ ಬಂದಿದೆ, ಕಾವಲುಗಾರ ಬಂದಿದ್ದಾನೆ. ಕಟ್ಟಳೆ ಪುಸ್ತಕ ಬರುವುದಕ್ಕೆ ಎಷ್ಟು ಹೊತ್ತು? ಅದು ಬರುವ ಮುನ್ನವೇ ಅದರ ಕೈ ಕಟ್ಟುವುದು ಜಾಣತನ.

ಮುನ್ನೂರು ಕಿಲೋಮೀಟರ್ ಆಚೆಗಿನ ಬಿಸಿಲ ನಾಡಿನ ಹುಲ್ಲುಹಾಸಿನಿಂದ ಮಲೆನಾಡಿಗೇನು ಎಂದು ಓದುಗರು ಕೇಳಬಹುದು. ಮಾನ್ವಿಯ ಕಾಲುವೆಯಲ್ಲಿ ಹರಿಯುವುದು ತುಂಗಭದ್ರೆ. ಪಶ್ಚಿಮಘಟ್ಟದ ನೆತ್ತಿಯಲ್ಲಿ ಹುಟ್ಟಿದ ತುಂಗೆ, ಭದ್ರೆ, ಸಾಗರ ಸೀಮೆಯಲ್ಲಿ ಹುಟ್ಟಿದ ವರದೆ ಇವೆಲ್ಲ ಕೂಡಿ ಆ ಕಾಲುವೆಯ ತನಕ ಹೋಗುತ್ತವೆ. ಅಷ್ಟು ಸಾಲದೆಂದು ಇನ್ನೊಂದು ಲೆಕ್ಕವೂ ಸರ್ಕಾರಿ ಕಡತದಲ್ಲಿದೆ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯು ಬೇಡ್ತಿ–ವರದಾ ಜೋಡಣೆಗಾಗಿ ಸಿದ್ಧಪಡಿಸಿದ ಹಿಂದಿನ ವರದಿಯಲ್ಲಿ, ಬೇಡ್ತಿ ಕೊಳ್ಳದ 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು ಎಂಟೂವರೆ ಟಿ.ಎಂ.ಸಿ. ನೀರನ್ನು ವರದೆಯ ಮೂಲಕ ತುಂಗಭದ್ರೆಗೆ ಸಾಗಿಸಿ, ರಾಯಚೂರು ಜಿಲ್ಲೆಯ 60,200 ಹೆಕ್ಟೇರ್ ಭೂಮಿಗೆ ಉಣಿಸುವುದಾಗಿ ಹೇಳಲಾಗಿದೆ. 2022ರಲ್ಲಿ ಯಲ್ಲಾಪುರ, ಶಿರಸಿ ಭಾಗದ ಜನ ಸಾವಿರಾರು ಸಂಖ್ಯೆಯಲ್ಲಿ ಸೇರಿ ವಿರೋಧಿಸಿದ್ದು ಇದೇ ಯೋಜನೆಯನ್ನು. ಬೆಟ್ಟದ ಹೊಳೆಯನ್ನು ತಿರುಗಿಸುವ ಪ್ರತಿ ಪ್ರಸ್ತಾಪದ ಮೊದಲ ಪುಟದಲ್ಲೂ ಯಾವುದೋ ಊರಿನ ಬಾಯಾರಿಕೆಯ ವರ್ಣನೆ ಇರುತ್ತದೆ. ಹಾಗಿರುವಾಗ ಆ ಊರಿನಲ್ಲಿ ನೀರು ಯಾರ ಬಾಯಿಗೆ ಹೋಗುತ್ತದೆ, ಯಾರ ಅಂಗಳಕ್ಕೆ ಹೋಗುತ್ತದೆ ಎಂದು ಕೇಳುವ ಹಕ್ಕು ಹೊಳೆಯ ಮೇಲ್ಭಾಗದವರಿಗೆ ಇದ್ದೇ ಇದೆ.

ಕಟ್ಟಳೆ ಹುಚ್ಚುಗಟ್ಟಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಜಗತ್ತಿಗೇ ತೋರಿಸಿಕೊಟ್ಟಿದೆ. 2014ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಜೆರ್ರಿ ಬ್ರೌನ್ ಬರದ ತುರ್ತುಸ್ಥಿತಿ ಘೋಷಿಸಿದರು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಜಲಮಂಡಳಿಯು ಹೊರಾಂಗಣದಲ್ಲಿ ನೀರು ಪೋಲು ಮಾಡಿದವರಿಗೆ ದಿನಕ್ಕೆ 500 ಡಾಲರ್‌ವರೆಗೆ ದಂಡ ವಿಧಿಸಬಹುದೆಂದು ನಿಯಮ ಮಾಡಿತು. ಆ ಹೊತ್ತಿಗೇ ಗ್ಲೆಂಡೋರಾ ಎಂಬ ಪಟ್ಟಣದ ದಂಪತಿಗೆ ನಗರಾಡಳಿತದಿಂದ ಪತ್ರ ಬಂತು: ನಿಮ್ಮ ಹುಲ್ಲು ಕಂದಿದೆ, ಹಸಿರು ಮಾಡದಿದ್ದರೆ 500 ಡಾಲರ್‌ವರೆಗೆ ದಂಡ ತೆರಬೇಕಾದೀತು! ನೀರು ಹಾಕಿದರೂ ದಂಡ, ಹಾಕದಿದ್ದರೂ ದಂಡ. ಅತ್ತ ದರಿ, ಇತ್ತ ಪುಲಿ. ಮನೆಮಾಲೀಕರ ಸಂಘಗಳಂತೂ ತಮ್ಮ ಉಪವಿಧಿಗಳನ್ನು ಹಿಡಿದು ಒಣಗಿದ ಹುಲ್ಲಿನ ಮನೆಗಳಿಗೆ ನೋಟಿಸು ಅಂಟಿಸತೊಡಗಿದ್ದವು. ಒಣಹುಲ್ಲಿಗೆ ಹಸಿರು ಬಣ್ಣ ಹೊಡೆದುಕೊಡುವ ಹೊಸ ಕಸುಬೊಂದು ಅಲ್ಲಿ ಹುಟ್ಟಿಕೊಂಡಿತು. ಸುಣ್ಣ ಬಳಿದ ಗೋಡೆಯಂತೆ ಬಣ್ಣ ಬಳಿದ ನೆಲ! ಶ್ರೀಮಂತ ದೇಶದ ಬರ ಹೀಗೆಯೂ ಇರುತ್ತದೆ.

ಆದರೆ ಅಲ್ಲಿನ ಶಾಸನಸಭೆ ಸುಮ್ಮನೆ ಕೂರಲಿಲ್ಲ ಎಂಬುದನ್ನು ಇಲ್ಲಿನ ಶಾಸಕರು ಗಮನಿಸಬೇಕು. ಬರದ ತುರ್ತುಸ್ಥಿತಿ ಇರುವಾಗ ಹುಲ್ಲಿಗೆ ನೀರು ಹಾಕಲಿಲ್ಲವೆಂದು ಯಾವ ಸಂಘವೂ ಸದಸ್ಯರಿಗೆ ದಂಡ ಹಾಕುವಂತಿಲ್ಲ ಎಂಬ ಕಾನೂನು 2014ರಲ್ಲೇ ಬಂತು. ಕಡಿಮೆ ನೀರಿನ ಗಿಡ ನೆಡುವುದನ್ನು ಸಂಘ ತಡೆಯುವಂತಿಲ್ಲ ಎಂಬುದೂ ಕಾನೂನಿಗೆ ಸೇರಿತು. 2015ರಲ್ಲಿ ನಗರಾಡಳಿತಗಳ ಕೈಯನ್ನೂ ಹಾಗೆಯೇ ಕಟ್ಟಲಾಯಿತು. 2023ರಲ್ಲಿ ಇನ್ನೂ ಮುಂದೆ ಹೋಗಿ, ಬರೀ ನೋಟಕ್ಕೆಂದು ಬೆಳೆಸುವ ಹುಲ್ಲುಹಾಸಿಗೆ ಕುಡಿಯುವ ನೀರನ್ನು ಹಾಯಿಸುವುದನ್ನೇ ಸರ್ಕಾರಿ, ವಾಣಿಜ್ಯ ಮತ್ತು ಸಂಘಗಳ ಸಾಮೂಹಿಕ ಜಾಗಗಳಲ್ಲಿ 2027ರಿಂದ ಹಂತಹಂತವಾಗಿ ನಿಷೇಧಿಸುವ ಕಾಯ್ದೆ ಅಂಗೀಕಾರವಾಯಿತು. ನೆರೆಯ ನೆವಾಡಾ ರಾಜ್ಯ ಇಂಥದೇ ಕಾನೂನನ್ನು 2021ರಲ್ಲೇ ಮಾಡಿತ್ತು. ಹುಲ್ಲುಹಾಸಿನ ತವರಿನಂತಿರುವ ದೇಶವೇ ಅದನ್ನು ಕಿತ್ತು ಹಾಕಲು ಹಣ ಕೊಡುತ್ತಿರುವಾಗ, ಅದೇ ಹುಲ್ಲನ್ನು ರಾಯಚೂರಿನ ಎರೆಯ ಮೇಲೆ ಹಾಸಲು ಇಲ್ಲಿ ಹಣ ಪಡೆಯಲಾಗುತ್ತಿದೆ.

ಕರ್ನಾಟಕದ ಸ್ಥಿತಿ ಏನು? 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಸುಮಾರು ಅರ್ಧದಷ್ಟು ಸರ್ಕಾರಿ ಕೊಳವೆಬಾವಿಗಳು ಬತ್ತಿದ್ದವು. ಆಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಾರಂಜಿಗೆ, ಕಟ್ಟಡ ಕಾಮಗಾರಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ತಪ್ಪು ಮರುಕಳಿಸಿದರೆ ದಿನಕ್ಕೆ ಮತ್ತೆ 500. ಕೆಲವೇ ದಿನಗಳಲ್ಲಿ ಇಪ್ಪತ್ತೆರಡು ಮನೆಗಳಿಂದ ದಂಡ ವಸೂಲಾದ ಸುದ್ದಿಯೂ ಬಂತು. 2025ರ ಫೆಬ್ರುವರಿಯಲ್ಲಿ ಇದೇ ಆದೇಶವನ್ನು ಮತ್ತೊಮ್ಮೆ ಹೊರಡಿಸಲಾಯಿತು.

ಈ ಆದೇಶ ಸ್ವಾಗತಾರ್ಹವೇ. ಆದರೆ ಇದಕ್ಕೆ ಇರುವುದು ಒಂದೇ ಕೈ. ನೀರು ಹಾಕಿದವನನ್ನು ಅದು ಹಿಡಿಯುತ್ತದೆ, ನೀರು ಹಾಕಿಸುವ ಕಟ್ಟಳೆಯನ್ನು ಮುಟ್ಟುವುದಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿಯಲ್ಲಿ ಪ್ರತಿಯೊಬ್ಬ ಮಾಲೀಕನೂ ಸಂಘದ ಉಪವಿಧಿಗಳಿಗೆ ಬದ್ಧ. ಬರಗಾಲದಲ್ಲಿ ಆ ಉಪವಿಧಿಯ ಯಾವ ಭಾಗ ಅಮಾನತಿನಲ್ಲಿರುತ್ತದೆ ಎಂಬುದಕ್ಕೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಪರಿಣಾಮ ಸರಳ. ನಲ್ಲಿಯ ನೀರು ನಿಷಿದ್ಧವಾದರೆ ಟ್ಯಾಂಕರು ಬರುತ್ತದೆ. ಟ್ಯಾಂಕರಿನ ನೀರು ಆಕಾಶದಿಂದ ಇಳಿಯುವುದಿಲ್ಲ, ಊರಾಚೆಯ ಯಾವುದೋ ಹಳ್ಳಿಯ ಕೊಳವೆಬಾವಿಯಿಂದ ಬರುತ್ತದೆ. ದಂಡದ ಭಯ ನೀರಿನ ಮೂಲವನ್ನು ಬದಲಿಸುತ್ತದೆಯೇ ಹೊರತು ಹುಲ್ಲಿನ ಹಸಿರನ್ನಲ್ಲ.

ಈಗ ಹುಲ್ಲಿನ ಲೆಕ್ಕವನ್ನೇ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಏಪ್ರಿಲ್–ಮೇ ತಿಂಗಳ ರಾಯಚೂರಿನ ಬಿಸಿಲು ಗಾಳಿಯಲ್ಲಿ ಹಸಿರಾಗಿಯೇ ಇರಬೇಕಾದ ಹುಲ್ಲುಹಾಸು ದಿನಕ್ಕೆ ಕನಿಷ್ಠ ಐದಾರು ಮಿಲಿಮೀಟರ್ ಕೇಳುತ್ತದೆ. ನಡುಮಧ್ಯಾಹ್ನ ತುಂತುರು ಹಾರಿಸುವ ದಡ್ಡತನವಿದ್ದರೆ ಇನ್ನೂ ಹೆಚ್ಚು. ಒಂದು ಗುಂಟೆ ಎಂದರೆ ಹೆಚ್ಚುಕಡಿಮೆ ನೂರು ಚದರ ಮೀಟರ್. ಹಾಗಾಗಿ ಗುಂಟೆ ಹುಲ್ಲಿಗೆ ದಿನಕ್ಕೆ 550 ಲೀಟರ್ ಎಂದು ಹಿಡಿಯಬಹುದು. ಜಲಜೀವನ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಗೊತ್ತುಮಾಡಿರುವ ನೀರು 55 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಎಲ್ಲಕ್ಕೂ ಅಷ್ಟೇ. ಅಂದರೆ ಒಂದು ಗುಂಟೆ ಹುಲ್ಲು ಹತ್ತು ಮಂದಿಯ ಪಾಲನ್ನು ಕುಡಿಯುತ್ತದೆ. ಹತ್ತು ಎಕರೆಯ ಬಡಾವಣೆಯಲ್ಲಿ ಶೇಕಡಾ ಹತ್ತರಷ್ಟು ಜಾಗ ಉದ್ಯಾನಕ್ಕೆ ಮೀಸಲು. ಆ ಒಂದೆಕರೆಗೆ ಪೂರ್ತಿ ಹುಲ್ಲು ಹಾಸಿದರೆ ದಿನಕ್ಕೆ 22,000 ಲೀಟರ್, ನಾಲ್ಕು ನೂರು ಜನರ ನೀರು. ದೇವದುರ್ಗ ತಾಲ್ಲೂಕಿನ ಒಂದು ಸಣ್ಣ ತಾಂಡಾ ಅಥವಾ ದೊಡ್ಡಿಯ ಜನಸಂಖ್ಯೆ ಅದಕ್ಕಿಂತ ಹೆಚ್ಚೇನಿಲ್ಲ.

ರಾಯಚೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ವಿಚಿತ್ರವೆಂದರೆ ಹುಲ್ಲುಹಾಸಿನ ಸಂಪ್ರದಾಯ ಬೆಳೆದ ಇಂಗ್ಲೆಂಡಿನ ಲಂಡನ್ನಿನಲ್ಲೂ ಬೀಳುವುದು ಹೆಚ್ಚುಕಡಿಮೆ ಅಷ್ಟೇ ಮಳೆ. ಮತ್ತೇಕೆ ಅಲ್ಲಿ ಹುಲ್ಲು ತಾನಾಗಿ ಹಸಿರು, ಇಲ್ಲಿ ಅಲ್ಲ? ಅಲ್ಲಿ ಆ ಮಳೆ ವರ್ಷದ ನೂರಕ್ಕೂ ಹೆಚ್ಚು ದಿನಗಳಲ್ಲಿ ಹಂಚಿ ಹನಿಯುತ್ತದೆ, ಸೂರ್ಯ ಮಂಕಾಗಿರುತ್ತಾನೆ, ನೆಲದ ಪಸೆ ನೆಲದಲ್ಲೇ ಉಳಿಯುತ್ತದೆ. ಇಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ನಡುವಿನ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ; ಬಿಸಿಲು ಹೀರಬಲ್ಲ ನೀರು ಬೀಳುವ ಮಳೆಯ ಎರಡು ಮೂರು ಪಟ್ಟು. ಹುಲ್ಲುಹಾಸು ಇಂಗ್ಲೆಂಡಿನ ಮೋಡದ ಕೂಸು. ಅದನ್ನು ತಂದು ಎರೆ ಭೂಮಿಯ ತೊಟ್ಟಿಲಲ್ಲಿ ಹಾಕಿದರೆ ಹಾಲೂಡಿಸಬೇಕಾದವರು ಮಲೆನಾಡಿನ ಹೊಳೆಗಳು.

ಇದೇ ಎರೆಯ ಗುಣವನ್ನು ಬಲ್ಲ ರೈತ ಹಿಂಗಾರಿನಲ್ಲಿ ಬಿಳಿಜೋಳ ಬಿತ್ತುತ್ತಾನೆ. ಮಾಲದಂಡಿ ತಳಿಯ ಜೋಳ ನೆಲದೊಳಗೆ ಉಳಿದ ಪಸೆಯನ್ನೇ ಹೀರಿ, ಒಂದು ಕೊಡ ನೀರನ್ನೂ ಕೇಳದೆ ರೊಟ್ಟಿಗೆ ಕಾಳನ್ನೂ ದನಕ್ಕೆ ಕಣಿಕೆಯನ್ನೂ ಕೊಟ್ಟು ಹೋಗುತ್ತದೆ. ಅಂಥ ನೆಲವನ್ನು ಹುಲ್ಲುಹಾಸಾಗಿ ಪರಿವರ್ತಿಸುವುದು ಕೃಷಿ ವಿಜ್ಞಾನದ ಕಣ್ಣಿನಲ್ಲಿ ಶುದ್ಧ ಅವಿವೇಕ. ಹುಲ್ಲು ಬೇಕೇ ಬೇಕೆಂದರೆ ಆ ಸೀಮೆಯ ಕರಕಿ, ಗರಿಕೆ, ಇಲ್ಲವೇ? ಬೇಸಿಗೆಯಲ್ಲಿ ಅದು ಕಂದುತ್ತದೆ, ಸಾಯುವುದಿಲ್ಲ. ಬೇರುಗಡ್ಡೆ ನೆಲದೊಳಗೆ ಮಲಗಿರುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಎರೆ ಹೊಲದಿಂದ ಕರಕಿಯನ್ನು ಕಿತ್ತು ಕಿತ್ತು ಸೋತ ರೈತನನ್ನು ಕೇಳಿದರೆ ಅದರ ಜೀವಬಲ ಎಂಥದೆಂದು ಹೇಳಿಯಾನು. ಕಂದು ಬಣ್ಣವೆಂದರೆ ಅಲಕ್ಷ್ಯ, ಕಂದು ಬಣ್ಣವೆಂದರೆ ದಂಡ ಎನ್ನುವ ಕಟ್ಟಳೆಯನ್ನು ಬರೆದವರಿಗೆ ಹುಲ್ಲಿನ ಬದುಕೇ ಗೊತ್ತಿಲ್ಲ. ಬೇಸಿಗೆಯಲ್ಲಿ ಕಂದುವುದು ಅದರ ಧರ್ಮ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ತಳ್ಳಿಹಾಕುವಂಥದಲ್ಲ. ತುಂಗಭದ್ರಾ ಎಡದಂಡೆಯಲ್ಲಿ ಹರಿಯುವ ನೀರಿನ ಮುಂದೆ ಹುಲ್ಲುಹಾಸು ಕುಡಿಯುವುದು ಯಾವ ಮೂಲೆಗೆ? ಮೇಲ್ಭಾಗದ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳೇ ಅಲ್ಲವೆ ಮಾನ್ವಿಯ ಕೊನೆಭಾಗದವರ ಪಾಲನ್ನು ನುಂಗುತ್ತಿರುವುದು? ನಿಜ. ಎಡದಂಡೆ ಕಾಲುವೆಯನ್ನು ತೆಗೆದದ್ದು ಬರದಿಂದ ರಕ್ಷಿಸುವ ನೀರಾವರಿಗೆಂದು. ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ ತೆಳುವಾಗಿ, ಹೆಚ್ಚು ಜನರಿಗೆ ಹಂಚಲೆಂದು. ಯಾವ ಹೊಲಕ್ಕೆ ಯಾವ ಬೆಳೆ ಎಂಬುದೂ ಗುರುತಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಅಕ್ರಮ ತೂಬುಗಳು ಎದ್ದವು, ಇನ್ನೂರು ಕಿಲೋಮೀಟರಿಗೂ ಮಿಗಿಲಾದ ಕಾಲುವೆಯ ಬಾಲದಲ್ಲಿರುವ ಮಾನ್ವಿ, ಸಿರವಾರ, ರಾಯಚೂರಿನ ರೈತರು ವರ್ಷವೂ ರಸ್ತೆಗಿಳಿಯುವಂತಾಯಿತು. 133 ಟಿ.ಎಂ.ಸಿ. ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿರುವುದೂ ಆ ಸಂಕಟಕ್ಕೆ ಸೇರಿದೆ.

ಆದರೆ ಭತ್ತದ ಅಕ್ರಮ ಹುಲ್ಲಿಗೆ ಪರವಾನಗಿಯಾಗದು. ಮಳೆಯ ದಿನಗಳನ್ನು ಕಳೆದು ವರ್ಷಕ್ಕೆ 240 ದಿನ, ದಿನಕ್ಕೆ ಬರೀ 5 ಮಿಲಿಮೀಟರ್ ಹಾಯಿಸಿದರೂ ಹುಲ್ಲುಹಾಸು 1,200 ಮಿಲಿಮೀಟರ್ ಕುಡಿಯುತ್ತದೆ. ಒಂದು ಭತ್ತದ ಬೆಳೆಗೆ ಬೇಕಾಗುವುದೂ ಸುಮಾರು ಅಷ್ಟೇ. ಭತ್ತ ಕೊನೆಗೆ ಅಕ್ಕಿಯನ್ನಾದರೂ ಕೊಡುತ್ತದೆ. ಇದಲ್ಲದೆ ಎರಡೂ ನೀರು ಒಂದೇ ಅಲ್ಲ. ನಗರದ ಹುಲ್ಲಿಗೆ ಹೋಗುವುದು ಕೃಷ್ಣೆಯಿಂದ ಎತ್ತಿ, ಅಥವಾ ಕಾಲುವೆಯಿಂದ ರಾಂಪುರ ಜಲಾಶಯಕ್ಕೆ ತುಂಬಿಸಿ, ಶೋಧಿಸಿ, ಕೊಳವೆಯಲ್ಲಿ ಕಳಿಸಿದ ನೀರು. ಆ ವ್ಯವಸ್ಥೆ ಎಷ್ಟು ಬಲವಾಗಿದೆ? 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ತುಂಬಿದರು, ಪ್ರಾಣಗಳೂ ಹೋದವು. ಶುದ್ಧ ನೀರನ್ನು ಮನೆಮನೆಗೆ ಮುಟ್ಟಿಸಲಾರದೆ ಒದ್ದಾಡುವ ನಗರದಲ್ಲಿ ಶೋಧಿಸಿದ ಒಂದೊಂದು ಲೀಟರೂ ಮೊದಲು ಬಾಯಿಗೆ ಸಲ್ಲಬೇಕು. ಕೊಳವೆಬಾವಿಯ ನೀರು ತಾನೇ ಎನ್ನುವವರು ಜಿಲ್ಲೆಯ ಅಂತರ್ಜಲದಲ್ಲಿರುವ ಫ್ಲೋರೈಡಿನ ಕಥೆಯನ್ನು ಕೇಳಿಸಿಕೊಳ್ಳಬೇಕು. ಎಳೆದಷ್ಟೂ ಆಳಕ್ಕೆ ಹೋಗುವ ಆ ನೀರನ್ನೇ ಕುಡಿಯಬೇಕಾದ ಹಳ್ಳಿಗಳು ಮಾನ್ವಿ, ದೇವದುರ್ಗದಲ್ಲಿ ಇನ್ನೂ ಇವೆ.

ದೇವದುರ್ಗದ ಮಾತು ಬಂದಾಗ ಇನ್ನೊಂದು ಸಂಗತಿ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟದ ಹಳ್ಳಿಗಳಿಂದ ಜನ ಸುಗ್ಗಿ ಮುಗಿಯುತ್ತಲೇ ಬೀಗ ಜಡಿದು, ಮುದುಕರನ್ನು ಬಿಟ್ಟು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಬಡಾವಣೆಯ ಅಡಿಪಾಯ ತೋಡುವವರೂ ಗಾರೆ ಹೊರುವವರೂ ಅವರೇ. ಬರ ಯಾರನ್ನು ಊರು ಬಿಡಿಸಿತೋ ಅವರ ಕೈಯಿಂದಲೇ ಬರವನ್ನು ಒಳಗೆ ಬಿಡದ ಗೋಡೆ ಕಟ್ಟಿಸಿಕೊಳ್ಳಲಾಗುತ್ತಿದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಒಂದು ತಾಲ್ಲೂಕನ್ನು ಬರಪೀಡಿತವೆಂದು ಘೋಷಿಸಿದ ದಿನದಿಂದ, ಹುಲ್ಲು ಹಸಿರಾಗಿರಬೇಕೆಂಬ ಯಾವುದೇ ಸಂಘದ ಉಪವಿಧಿ, ಕ್ರಯಪತ್ರದ ಷರತ್ತು, ನಿರ್ವಹಣಾ ಕರಾರು ತಾನಾಗಿಯೇ ಅಮಾನತಾಗಬೇಕು. ಆ ಅವಧಿಯಲ್ಲಿ ಹಾಕಿದ ದಂಡ ಅಸಿಂಧುವಾಗಬೇಕು. 1972ರ ಕಾಯ್ದೆಗೆ ಒಂದು ತಿದ್ದುಪಡಿ ಸಾಕು. ಬಡಾವಣೆಗೆ ಒಪ್ಪಿಗೆ ಕೊಡುವ ರಾಯಚೂರು ನಗರಾಭಿವೃದ್ಧಿ ಪ್ರಾಧಿಕಾರವು ಉದ್ಯಾನದ ಜಾಗದಲ್ಲಿ ಬೇವು, ಹೊಂಗೆ, ಹುಣಸೆ ನೆಡಬೇಕೆಂದು ನಕ್ಷೆಯಲ್ಲೇ ಷರತ್ತು ಬರೆಯಬಹುದು. ಮೊದಲ ಎರಡು ಮೂರು ಬೇಸಿಗೆ ಕೊಡದ ನೀರು ಹಾಕಿದರೆ ಮುಂದೆ ಆ ಮರಗಳು ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ನೆರಳು ಕೊಡುವ ಬೇವಿನ ಬುಡದಲ್ಲಿ ಮಂಚ ಹಾಕಿ ಮಲಗಬಹುದು. ಮೇ ತಿಂಗಳ ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಮಲಗಿದವರನ್ನು ರಾಯಚೂರಿನಲ್ಲಿ ಕಂಡವರಿಲ್ಲ. ಶುದ್ಧೀಕರಿಸಿದ ಚರಂಡಿ ನೀರು ಇದ್ದರೆ ಅದೂ ಮರಗಳಿಗೇ ಹೋಗಲಿ.

ಕಟ್ಟಳೆಯೇ ಬೇಡವೆಂದು ಇದರ ಅರ್ಥವಲ್ಲ. ಕೆರೆಯ ಊರುಗಳಲ್ಲಿ ನೀರುಗಂಟಿ ಇದ್ದ. ಕೆರೆಯಲ್ಲಿ ಎಷ್ಟಿದೆ ಎಂದು ನೋಡಿ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಅವನು ತೂಬು ತೆರೆಯುತ್ತಿದ್ದ; ನೀರು ಕುಗ್ಗಿದಂತೆ ಕಟ್ಟಳೆಯೂ ಬಿಗಿಯುತ್ತಿತ್ತು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಅಬ್ಬಿಯ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವ ಪದ್ಧತಿಯೂ ಅಂಥದೇ. ಗೋಡೆಯೊಳಗಿನ ಸಂಘದ ಉಪವಿಧಿ ಇದಕ್ಕೆ ತದ್ವಿರುದ್ಧ. ನೀರು ಕುಗ್ಗಲಿ, ಹಿಗ್ಗಲಿ, ಅದರ ಹುಲ್ಲಿನ ಬಣ್ಣ ಬದಲಾಗಬಾರದು.

ಮಲೆನಾಡಿಗರು ಇದನ್ನೆಲ್ಲ ಓದಿ ತಲೆದೂಗಿದರೆ ಸಾಲದು. ಶಿರಸಿ, ಸಾಗರ, ತೀರ್ಥಹಳ್ಳಿ, ಮೂಡಿಗೆರೆಯ ಸುತ್ತ ಹೋಂ ಸ್ಟೇ, ರೆಸಾರ್ಟುಗಳ ಮುಂದೆಯೂ ಬ್ಯಾಣದ ಸಹಜ ಹುಲ್ಲನ್ನು ಕೆತ್ತಿ ಹೊರಗಿನ ಹುಲ್ಲು ಹಾಸಲಾಗುತ್ತಿದೆ. ಅತಿಥಿಗಳಿಗೆ ಹಸಿರು ತೋರಿಸಲೆಂದು, ಹಸಿರೇ ಹಾಸಿಕೊಂಡಿರುವ ಸೀಮೆಯಲ್ಲಿ! ಮಾರ್ಚ್ ತಿಂಗಳಲ್ಲಿ ಹಳ್ಳದ ಗುಂಡಿಗೆ ಪಂಪು ಇಳಿಯುತ್ತದೆ, ಕೆಳಗಿನ ತೋಟದವನ ಸರದಿಗೆ ಬರೀ ಕೆಸರು ಉಳಿಯುತ್ತದೆ. ಶಿರಸಿ ಪಟ್ಟಣಕ್ಕೆ ನೀರು ಕೊಡುವ ಕೆಂಗ್ರೆ, ಮಾರಿಗದ್ದೆಗಳ ಹರಿವು ಬೇಸಿಗೆಯಲ್ಲಿ ಕುಗ್ಗುವುದು ಅಲ್ಲಿನವರಿಗೆ ಹೊಸದಲ್ಲ. ಪರವಾನಗಿ ಕೊಡುವ ಗ್ರಾಮ ಪಂಚಾಯಿತಿ ಇದಕ್ಕೂ ಷರತ್ತು ಹಾಕಬೇಕು. ಬೇಡ್ತಿಯ ನೀರು ರಾಯಚೂರಿನ ಯಾರ ಅಂಗಳಕ್ಕೆ ಎಂದು ಮುಂದಿನ ಅಹವಾಲು ಸಭೆಯಲ್ಲಿ ಕೇಳಲಿರುವ ಕಾರ್ಯಕರ್ತರು, ಅದಕ್ಕೂ ಮುನ್ನ ತಮ್ಮ ಪಂಚಾಯಿತಿಯ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು ಹೋಗಬೇಕು: ಎಷ್ಟು ಗುಂಟೆ ಹುಲ್ಲುಹಾಸು, ಯಾವ ಹಳ್ಳದಲ್ಲಿ ಯಾರ ಪಂಪು, ಮಾರ್ಚಿನಿಂದ ಮೇ ತನಕ ದಿನಕ್ಕೆ ಎಷ್ಟು ಗಂಟೆ.